ಎಡಗಾಲಿನ ಚುಕ್ಕಿ

ನನ್ನ ಗಂಡನ ಎಡಗಾಲಿನ ಹೆಬ್ಬೆರಳು ನಮ್ಮ ಕ್ಯಾಮೆರಾಗಳಿಗೆ ಕಾಣಿಸಿರಲಿಲ್ಲ.

ಉಳಿದದ್ದು ಹೆಚ್ಚುಕಡಿಮೆ ಕಾಣಿಸಿತ್ತು. ಭುಜ, ಮೊಣಕೈ, ಸೊಂಟ, ಮಂಡಿ. ಒಂದೊಂದು ಕೀಲಿಗೂ ನೆಲ್ಲಿಕಾಯಿಗಿಂತ ಚಿಕ್ಕದಾದ ಬೂದು ಗುಂಡುಗಳನ್ನು ನಾನೇ ಅಂಟಿಸಿದ್ದೆ. ಮಾರ್ಕರ್ ಎನ್ನುತ್ತೇವೆ. ಕ್ಯಾಮೆರಾದಿಂದ ಹೊರಡುವ, ಕಣ್ಣಿಗೆ ಕಾಣದ ಬೆಳಕು ಈ ಗುಂಡುಗಳಿಗೆ ಬಡಿದು ವಾಪಸ್ ಬರುತ್ತದೆ. ಆ ಕ್ಯಾಮೆರಾಕ್ಕೆ ಮನುಷ್ಯ ಬೇಕಿಲ್ಲ. ಕತ್ತಲಲ್ಲಿ ಬಿಳಿ ಚುಕ್ಕಿ ಕಂಡರೆ ಸಾಕು. ಸುತ್ತ ನಿಂತ ಕ್ಯಾಮೆರಾಗಳು ಕಂಡ ಚುಕ್ಕಿಗಳನ್ನು ಕಂಪ್ಯೂಟರ್ ಒಟ್ಟು ಮಾಡಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು, ಒಬ್ಬ ಕಡ್ಡಿ ಮನುಷ್ಯನನ್ನು ಮಾಡುತ್ತದೆ. ಅವನಿಗೆ ಮುಖ ಇರುವುದಿಲ್ಲ. ನಡೆ ಇರುತ್ತದೆ. ಇದನ್ನು ಮೋಷನ್ ಕ್ಯಾಪ್ಚರ್ ಎನ್ನುತ್ತಾರೆ. ನಾನು ಎಂ.ಟೆಕ್ ಮುಗಿಸಿ, ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಈ ಕೆಲಸಕ್ಕೆ ಸಹಾಯಕಿಯಾಗಿ ಸೇರಿದವಳು.

ಶಶಿಧರ್‌ಗೆ ಮದ್ದೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಉಳಿದ ಹೊತ್ತು ಪೂಜಾ ಕುಣಿತ. ಆಳೆತ್ತರದ ಬಿದಿರಿನ ಚೌಕಟ್ಟಿಗೆ ಸೀರೆ ಉಡಿಸಿ, ಅಮ್ಮನ ಹಿತ್ತಾಳೆ ಮುಖ ಕಟ್ಟಿದರೆ ಅದು ಪೂಜೆ. ಅದನ್ನು ತಲೆಯ ಮೇಲಿಟ್ಟು, ಕೈ ತಾಗಿಸದೆ ಕುಣಿಯಬೇಕು. ನಮ್ಮ ಯೋಜನೆಯ ಮುಖ್ಯಸ್ಥೆ ನಾಗರತ್ನ ಮೇಡಂ ಈ ಕುಣಿತವನ್ನು ದಾಖಲು ಮಾಡಬೇಕೆಂದಾಗ ನಾನು ಗಂಡನನ್ನೇ ಕರೆದುಕೊಂಡು ಹೋದೆ. ಜೊತೆಗೆ ಅವರ ಚಿಕ್ಕಪ್ಪನ ಮಗ ಚಲುವರಾಜು ಬಂದ.

ನಮ್ಮಲ್ಲಿದ್ದ ಕ್ಯಾಮೆರಾಗಳು ಒಂದು ಸಣ್ಣ ಕೋಣೆಗೆಂದು ಕೊಂಡವು. ಮಂಡಿನೋವಿನವರ ನಡಿಗೆ ಅಳೆಯಲು. ಪೂಜೆ ಆ ಕೋಣೆಯ ಫ್ಯಾನಿಗೆ ತಾಗುತ್ತಿತ್ತು. ಹಾಗಾಗಿ ಸಭಾಂಗಣಕ್ಕೆ ಹೋದೆವು. ಅಲ್ಲಿ ಕ್ಯಾಮೆರಾಗಳನ್ನು ದೂರ ನಿಲ್ಲಿಸಬೇಕಾಯಿತು. ದೂರ ಹೋದಷ್ಟೂ ಗುಂಡು ಚಿಕ್ಕದಾಗಿ ಕಾಣುತ್ತದೆ. ರೆಸಲ್ಯೂಷನ್ ಕಡಿಮೆಯಿರುವ ಕ್ಯಾಮೆರಾಕ್ಕೆ ಪಕ್ಕಪಕ್ಕದ ಎರಡು ಗುಂಡು ಒಂದೇ ಚುಕ್ಕಿಯಾಗಿ ಕಾಣುತ್ತವೆ. ಇಲ್ಲವೇ ಕಾಣುವುದೇ ಇಲ್ಲ.

ಹಿತ್ತಾಳೆ ಮುಖ ಹೊಳೆದು ಸುಳ್ಳು ಚುಕ್ಕಿ ಹುಟ್ಟಿಸುತ್ತದೆ, ಅದನ್ನು ಬಿಚ್ಚಿಡಿ ಎಂದು ಕೇಳಿದ್ದೆ.

"ಬರೀ ಬಿದಿರು ಹೊತ್ಕೊಂಡು ಕುಣಿಯೋಕೆ ನಾನೇನು ಚಟ್ಟ ಹೊರ್ತಿದ್ದೀನಾ?" ಎಂದು ಶಶಿ ನಕ್ಕರು.

ಕುಣಿತದಲ್ಲಿ ಒಂದು ಜಾಗವಿದೆ. ತಲೆಯ ಮೇಲೆ ಪೂಜೆ ಇರುವಂತೆಯೇ ಪೂರ್ತಿ ಕೂತು, ಮತ್ತೆ ಏಳಬೇಕು. ಆಗ ಭಾರವೆಲ್ಲ ಕಾಲ್ಬೆರಳುಗಳಲ್ಲಿರುತ್ತದೆ. ಶಶಿ ಕೂರುತ್ತಿದ್ದಂತೆ ಪರದೆಯ ಮೇಲೆ ಅವರ ಎಡ ಹೆಬ್ಬೆರಳಿನ ಚುಕ್ಕಿ ಆರಿತು. ಹಿಂದೆಯೇ ಎರಡೂ ಪಾದಗಳ ಉಳಿದ ಚುಕ್ಕಿಗಳೂ ಹೋದವು. ಎದ್ದ ಮೇಲೆ ಬಂದವು. ನಾನು ನೋಡುತ್ತಿದ್ದೆ. ಆಮೇಲೆ ಎರಡು ಕ್ಯಾಮೆರಾಗಳನ್ನು ನೆಲದ ಹತ್ತಿರಕ್ಕೆ ತಂದಿಟ್ಟೆ. ಮುಂದೆ ಕುಣಿದ ಚಲುವರಾಜುವಿನ ಪಾದ ಸಿಕ್ಕಿತು, ಭುಜ ಅಲ್ಲಲ್ಲಿ ತಪ್ಪಿತು.

"ನಾನು ಇನ್ನೊಂದ್ಸಲ ಮಾಡ್ಲಾ?" ಎಂದು ಶಶಿ ಕೇಳಿದರು.

"ಸಾಕು ಬಿಡಿ. ಹೊತ್ತಾಯ್ತು," ಎಂದೆ.

ಮುಂದಿನ ಕಬ್ಬು ಕಡಿಯುವ ಕಾಲಕ್ಕೆ ಶಶಿ ಇರಲಿಲ್ಲ. ಮದ್ದೂರಿನಿಂದ ನಮ್ಮೂರು ಕೊಪ್ಪಕ್ಕೆ ಬರುವ ರಸ್ತೆ, ದೀಪವಿಲ್ಲದ ಕಬ್ಬಿನ ಟ್ರೇಲರು, ಬೈಕು. ಹೇಳುವುದು ಅಷ್ಟೇ.

*

ಅತ್ತೆ ಚಿಕ್ಕಬೋರಮ್ಮ ಸಂಜೆ ಡೈರಿಗೆ ಹಾಲು ಹಾಕಿ ಬಂದವರು, ಕ್ಯಾನು ಕೆಳಗಿಡದೆಯೇ ಕೇಳಿದರು.

"ನಿಮ್ ಕಾಲೇಜಲ್ಲಿ ಸಸಿ ಕುಣ್ದಿದ್ದ ಮಡೀಕಂಡಿದ್ದೀರಂತೆ?"

"ಯಾರು ಹೇಳಿದ್ರು ಅತ್ತೆ?"

"ದೇವಿರಮ್ಮ. ಅವ್ಳ ಮಗಳು ನಯನ ನಿಮ್ ಕಾಲೇಜೇ ಅಲ್ವ? ಊರ್ಗೆಲ್ಲ ಗೊತ್ತು. ಎತ್ತೋಳ್ಗೆ ಗೊತ್ತಿಲ್ಲ."

"ಅದು ವಿಡಿಯೋ ಅಲ್ಲ. ಮುಖ ಇರಲ್ಲ. ಬರೀ ಚುಕ್ಕಿ, ಗೆರೆ."

"ಮೊಕ ಪೋಟೋದಲ್ಲೈತೆ, ಆರ ಆಕಿವ್ನಿ. ನಂಗೆ ಕುಣ್ದಿದ್ದು ಬೇಕು. ಮೊಬೈಲಲ್ಲಿರದ್ರಲ್ಲೆಲ್ಲ ಮುಂದ್ಗಡೆ ಜನದ ತಲೆ. ಒಂದ್ರಲ್ಲಾದ್ರೂ ನನ್ ಮಗನ ಕಾಲು ಕಾಣ್ತದಾ?"

ಕಾಣುವುದಿಲ್ಲ. ನಾನೂ ಹುಡುಕಿದ್ದೆ.

ಭಾನುವಾರ ಅತ್ತೆ ಗದ್ದೆಗೆ ಹೋದ ಮೇಲೆ ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದೆ. ಶಶಿ ತೀರಿಕೊಂಡ ಮೇಲೆ ತೆರೆದದ್ದು ಅದೇ ಮೊದಲು. ಕಡ್ಡಿ ಮನುಷ್ಯ ಹೆಜ್ಜೆ ಹಾಕಿದ. ಭುಜ ಸ್ವಲ್ಪ ಎಡಕ್ಕೆ ವಾಲಿತ್ತು. ಶಶಿಯೇ. ಕೂರುವ ಜಾಗ ಬಂತು. ಎಡಪಾದ ಮಾಯವಾಯಿತು, ಬಲಪಾದವೂ ಹೋಯಿತು. ಮಂಡಿಯಿಂದ ಗೆರೆಯನ್ನು ಎಲ್ಲಿಗೆ ಎಳೆಯಬೇಕೋ ತಿಳಿಯದೆ, ಕಂಪ್ಯೂಟರ್ ಹಿತ್ತಾಳೆ ಮುಖದ ಹೊಳಪನ್ನೇ ಪಾದವೆಂದುಕೊಂಡಿತು. ಕಾಲು ಮುರಿದು ತಲೆಯ ಮೇಲಕ್ಕೆ ಹೋಯಿತು.

ಮಂಡ್ಯದ ಆಸ್ಪತ್ರೆಯಲ್ಲಿ ನಾನು ನೋಡಿದ್ದನ್ನು ಅತ್ತೆಗೆ ತೋರಿಸಿರಲಿಲ್ಲ. ಇದನ್ನೂ ತೋರಿಸಬಾರದು ಎಂದುಕೊಂಡೆ.

ಚುಕ್ಕಿಗಳ ಜಾಡಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದರೆ ತುಂಬುವುದು ನಮ್ಮ ಕೆಲಸದಲ್ಲಿ ರೂಢಿ. ಹಿಂದಿನ ಜಾಗ, ಮುಂದಿನ ಜಾಗ ನೋಡಿ ಕಂಪ್ಯೂಟರೇ ತುಂಬುತ್ತದೆ. ಇದು ದೊಡ್ಡ ತೂತು. ಕಂಪ್ಯೂಟರ್ ತುಂಬಿದಾಗ ಪಾದಗಳು ನೀರಿನ ಮೇಲೆ ತೇಲಿದಂತೆ ಕಂಡವು. ಆಗ ಚಲುವರಾಜುವಿನ ಫೈಲು ತೆರೆದೆ. ಅದೇ ದಿನದ್ದು, ಅದೇ ತಾಳ, ಅದೇ ಜಾಗ. ಅವನ ಪಾದಗಳನ್ನು ಕತ್ತರಿಸಿ ತಂದು, ಶಶಿಯ ಕಾಲಿನ ಉದ್ದಕ್ಕೆ ಹೊಂದಿಸಿ ಸೇರಿಸಿದೆ. ಸರಿಯಾಗಿ ಕೂತವು. ಎಲ್ಲಿ ಸೇರಿಸಿದೆ ಎಂದು ನನಗೇ ಕಾಣಲಿಲ್ಲ. ಕಾಲೇಜಿನ ಫೋಲ್ಡರಿನಲ್ಲೇ, ಹಳೆಯದರ ಪಕ್ಕದಲ್ಲಿ, 'ಸರಿಪಡಿಸಿದ್ದು' ಎಂದು ಹೆಸರಿಟ್ಟು ಉಳಿಸಿದೆ.

ಸಂಜೆ ಅತ್ತೆಯನ್ನು ನಡುಮನೆಯಲ್ಲಿ ಕೂರಿಸಿ ತೋರಿಸಿದೆ. ಮೊದಲು ಅವರಿಗೆ ಏನೂ ತಿಳಿಯಲಿಲ್ಲ. "ಇದೇನು, ಬೆಂಕಿಕಡ್ಡಿ ಬೊಂಬೆ," ಎಂದರು. ಆಮೇಲೆ ಪರದೆಯ ಹತ್ತಿರಕ್ಕೆ ಜರುಗಿದರು. ಬೊಂಬೆ ಕೂತು ಎದ್ದಿತು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

"ಇನ್ನೊಂದ್ಸಲ ಆಕು. ಅಲ್ಲೇ, ಕುಂತ್ಕಳ್ತಾನಲ್ಲ, ಅಲ್ಲಿ."

ಹಾಕಿದೆ.

"ನೋಡು, ನೋಡು. ಎಡ್ಗಾಲ ಬೆರಳು. ನೆಲ ಗೀರ್ಕಂಡು ಓಯ್ತದೆ ನೋಡು. ಇವ್ನು ಸಸೀನೇ ಕಣಮ್ಮಿ. ಚಿಕ್ಕುಡ್ಗ ಆಗಿದ್ದಾಗ್ಲಿಂದ ಅಂಗೇ ಗೀರ್ತಿದ್ದ."

"ಹೂಂ ಅತ್ತೆ," ಎಂದೆ.

ಅಂದು ಅವರು ಎರಡನೆಯ ಮುದ್ದೆ ಹಾಕಿಸಿಕೊಂಡರು.

ಅದು ದಿನದ ಕೆಲಸವಾಯಿತು. ಡೈರಿ, ಕೈಕಾಲು ತೊಳೆಯುವುದು, ದೀಪ, ಆಮೇಲೆ ಸಸಿ. ದೇವಿರಮ್ಮ ಬಂದರು. ಎದುರುಮನೆಯ ದೊಡ್ಡಮ್ಮ ಬಂದರು. ಅತ್ತೆ ಎಲ್ಲರಿಗೂ ಪರದೆಯ ಮೇಲೆ ಬೆರಳಿಟ್ಟು ಆ ಜಾಗವನ್ನೇ ತೋರಿಸುತ್ತಿದ್ದರು. ಬೊಂಬೆ ನಿಂತು ಕುಣಿಯುವಲ್ಲಿ, ಅಂದರೆ ಶಶಿ ನಿಜವಾಗಿ ಇರುವಲ್ಲಿ, ಅವರ ಗಮನ ಅಷ್ಟಿರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದೆ.

ಅತ್ತೆ ಚಲುವರಾಜುವಿನ ಜೊತೆ ಮಾತು ಬಿಟ್ಟಿದ್ದರು. ಶಶಿಯದು ವರ್ಷ ತುಂಬುವ ಮೊದಲೇ ಅವನು ಶಶಿ ಹೊರುತ್ತಿದ್ದ ಪೂಜೆ ಹೊತ್ತಿದ್ದ. ಮೇಳದವರು ಬಲವಂತ ಮಾಡಿದರು ಎಂದು ಅವನು ಹೇಳಿದ. "ದಾಯಾದಿ ಅಲ್ವ, ಕಾಯ್ಕಂಡಿದ್ದ," ಎಂದು ಅತ್ತೆ ಹೇಳಿದರು. ಈಗ ಅವರು ದಿನವೂ ಕಣ್ತುಂಬ ನೋಡುತ್ತಿದ್ದದ್ದು ಅವನ ಕಾಲು.

ಹೇಳಬೇಕು ಎಂದು ದಿನವೂ ಅನ್ನಿಸುತ್ತಿತ್ತು. ದಿನವೂ ಹಾಕುತ್ತಿದ್ದೆ.

*

ಹೊಸ ಕ್ಯಾಮೆರಾ ಕೊಳ್ಳಲು ಕಾಲೇಜಿಗೆ ಒಪ್ಪಿಗೆ ಸಿಕ್ಕಿತು. ಶಶಿಗೂ ಚಲುವರಾಜುವಿಗೂ ಕುಣಿತ ಕಲಿಸಿದ ಚೌಡಯ್ಯನವರನ್ನು ದಾಖಲು ಮಾಡಬೇಕೆಂಬುದು ಮೇಡಂ ಆಸೆ. ಚೌಡಯ್ಯ ಮಳವಳ್ಳಿ ಕಡೆಯವರು. ಮಂಡಿ ಸವೆದಿದೆ, ಇನ್ನು ಕೂರಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅವರು ಒಂದೇ ಒಂದು ಸಲ ಕೂತು ಏಳುತ್ತೇನೆಂದು ಒಪ್ಪಿದ್ದರು. ಆ ಒಂದು ಸಲ ಏನು ಸಿಕ್ಕುತ್ತದೋ ಅಷ್ಟೇ.

ಬೆಂಗಳೂರಿನ ಮಾರಾಟಗಾರ ಹರ್ಷವರ್ಧನ ಎರಡು ಬಗೆಯನ್ನು ಮುಂದಿಟ್ಟಿದ್ದ. ಕಡಿಮೆ ರೆಸಲ್ಯೂಷನ್ನಿನವು, ಸಂಖ್ಯೆಯಲ್ಲಿ ಹೆಚ್ಚು. ಇಲ್ಲವೇ ಹೆಚ್ಚು ರೆಸಲ್ಯೂಷನ್ನಿನವು, ಸಂಖ್ಯೆಯಲ್ಲಿ ಕಡಿಮೆ. ನಾನು ಎರಡನೆಯದು ಬೇಕೆಂದು ಬರೆದುಕೊಟ್ಟಿದ್ದೆ. ಮೇಡಂ ನನ್ನನ್ನು ಕರೆದರು.

"ಹೆಚ್ಚು ಕ್ಯಾಮೆರಾ ಇದ್ರೆ ಒಳ್ಳೇದಲ್ವಾ ಅರ್ಪಿತಾ? ಒಂದಕ್ಕೆ ಮರೆಯಾದ್ದು ಇನ್ನೊಂದಕ್ಕೆ ಕಾಣುತ್ತೆ."

"ದೊಡ್ಡ ಮಾರ್ಕರ್‌ಗೆ ಸರಿ ಮೇಡಂ. ಕಾಲ್ಬೆರಳಿಗೆ ಹಾಕೋದು ತೀರಾ ಸಣ್ಣವು. ಅಷ್ಟು ದೂರದಿಂದ ಯಾವ ಕ್ಯಾಮೆರಾಗೂ ಕಾಣದೇ ಇದ್ರೆ ಎಷ್ಟಿದ್ದೂ ಏನು?"

"ಕಾಣುತ್ತಲ್ಲ," ಎಂದು ಅವರು ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಹಳೇ ಕ್ಯಾಮೆರಾದಲ್ಲೇ ಶಶಿಧರ್‌ದು ಇಷ್ಟು ಚೆನ್ನಾಗಿ ಬಂದಿದೆ. ಬೆರಳು ಸಮೇತ."

ಅದು 'ಸರಿಪಡಿಸಿದ್ದು' ಫೈಲು.

ನಾನು ಬಾಯಿ ತೆರೆದೆ. ಮೇಡಂ ಧ್ವನಿ ತಗ್ಗಿಸಿದರು. "ನಿನಗೆ ಇದನ್ನ ನೋಡೋದು ಕಷ್ಟ ಅಂತ ಗೊತ್ತು ಕಣಮ್ಮಾ. ಮುಂದಿನ ವಾರ ಎಲ್ಲರ ಮುಂದೆ ಇದನ್ನೇ ಹಾಕೋಣ. ಚೌಡಯ್ಯನವರಿಗೂ ನಂಬಿಕೆ ಬರುತ್ತೆ. ನಿಮ್ಮತ್ತೆನ ಕರ್ಕೊಂಡು ಬಾ. ದೊಡ್ಡದಾಗಿ ನೋಡಲಿ."

ಕಷ್ಟ ಎಂದು ಅವರು ಅಂದುಕೊಂಡಿದ್ದರಿಂದ ನನಗೆ ಸುಲಭವಾಯಿತು. ಸುಮ್ಮನೆ ಹೊರಗೆ ಬಂದೆ.

*

ಆ ದಿನ ಅತ್ತೆ ಪೆಟ್ಟಿಗೆಯಿಂದ ಹಸಿರು ರೇಷ್ಮೆ ತೆಗೆದು ಉಟ್ಟರು. ಶಶಿಯ ಮದುವೆಗೆ, ಅಂದರೆ ನನ್ನ ಮದುವೆಗೆ ಉಟ್ಟಿದ್ದು. ಮದ್ದೂರಿನಲ್ಲಿ ಬಸ್ಸು ಬದಲಿಸಿದೆವು. ಮಂಡ್ಯದ ಬಸ್ಸಿನಲ್ಲಿ ಜಾಗ ಸಿಕ್ಕಿತು.

"ಗ್ವಾಡೆ ಮೇಲೆ ಬುಡ್ತಾರಂತೆ? ಆಳೆತ್ರ ಇರ್ತನಾ?"

"ಅದಕ್ಕಿಂತ ದೊಡ್ಡದಾಗಿ ಕಾಣುತ್ತೆ."

"ಅಂಗಾರೆ ಬೆರಳೂ ದೊಡ್ಡದಾಗಿ ಕಾಣ್ತದೆ."

"ಅತ್ತೆ," ಎಂದೆ.

"ಏನು?"

"ಚಲುವರಾಜೂನೂ ಬರ್ತಾನೆ. ಚೌಡಯ್ಯನವರನ್ನ ಅವನೇ ಕರ್ಕೊಂಡು ಬರೋದು."

"ಬರ್ಲಿ ಬುಡು. ನಾನೇನ್ ಅವ್ನ ನೋಡಕ್ ಓಯ್ತಿದ್ದೀನಾ?"

ನಾನು ಹೇಳಬೇಕಿದ್ದದ್ದು ಅದಲ್ಲ. ಕಿಟಕಿಯ ಆಚೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಅತ್ತೆ ಆ ಕಡೆಯಿಂದ ಮುಖ ತಿರುಗಿಸಿ ನನ್ನ ಸೆರಗು ಸರಿಮಾಡಿದರು. ಮಂಡ್ಯ ಬಂತು.

ಸಭಾಂಗಣದಲ್ಲಿ ಚೌಡಯ್ಯ ಮುಂದಿನ ಸಾಲಿನಲ್ಲಿ ಕಾಲು ನೀಡಿ ಕೂತಿದ್ದರು. ಚಲುವರಾಜು ಗೋಡೆಗೆ ಒರಗಿ ನಿಂತಿದ್ದ. ಅತ್ತೆಯನ್ನು ಕಂಡು ಇನ್ನಷ್ಟು ಹಿಂದೆ ಸರಿದ.

"ಬಾ ಚಿಕ್ಕಬೋರಮ್ಮ," ಎಂದರು ಚೌಡಯ್ಯ. "ಏನ್ ರೇಷ್ಮೆ ಸೀರೆ ಗೀರೆ! ನಂಗೆ ಎಣ್ಣು ನೋಡಕ್ ಬಂದಂಗೈತೆ."

"ನಿಂಗ್ಯಾರು ಕೊಟ್ಟಾರು, ಮಂಡಿ ಓಗಿರೋ ಗಂಡುಗೆ," ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಅವರು ತಮಾಷೆ ಮಾಡಿದ್ದು ಕೇಳಿದೆ.

"ಅದ್ಕೇ ಅಲ್ವ ಬಂದಿರದು. ಕೂರ್ಬ್ಯಾಡ ಅಂದವ್ರೆ ಡಾಕ್ಟ್ರು. ಒಂದ್ಸಲ ಕುಂತು ಎದ್ದು ತೋರಿಸ್ಬುಡ್ತೀನಿ. ಆಮ್ಯಾಕೆ ಕುರ್ಚಿ ಮ್ಯಾಲೇ ನನ್ ಸಂಸಾರ."

ಹರ್ಷವರ್ಧನ ಎರಡು ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟು ಮಾತಾಡಿದ. ಸುಳ್ಳು ಹೇಳಲಿಲ್ಲ.

"ಎಲ್ಲರೂ ರೆಸಲ್ಯೂಷನ್ ಜಾಸ್ತಿ ಕೊಡಿ ಅಂತಾರೆ ಮೇಡಂ. ಮೊಬೈಲ್ ತಗೊಂಡ ಅಭ್ಯಾಸ ಅದು. ಇಡೀ ಮೈ ಕುಣಿಯೋದನ್ನ ಹಿಡಿಯೋಕೆ ಕಡಿಮೆಯದ್ದೇ ಸಾಕು. ಜಾಸ್ತಿ ಇದ್ದರೆ ಕಂಪ್ಯೂಟರ್‌ಗೆ ಭಾರ. ವೇಗವಾಗಿ ಹಿಡಿಯೋಕೆ ಹೋದ್ರೆ ಚಿತ್ರದ ಅಂಚುಗಳನ್ನ ಕತ್ತರಿಸಬೇಕಾಗುತ್ತೆ. ನಿಮ್ಮಲ್ಲಿರೋ ಹಳೇ ರೆಕಾರ್ಡಿಂಗ್ ನೋಡಿದೆ. ಅದೇ ಸಾಕ್ಷಿ. ಆ ದರ್ಜೆಯಲ್ಲೇ ಬೆರಳು ಅಷ್ಟು ಸ್ಪಷ್ಟವಾಗಿ ಬಂದಿದೆ."

ಮೇಡಂ ನನ್ನ ಕಡೆ ನೋಡಿದರು. ನಾನು ದೀಪ ಆರಿಸಿ ಫೈಲು ಹಾಕಿದೆ.

ಗೋಡೆಯ ತುಂಬ ಶಶಿ ಎದ್ದು ನಿಂತರು. ಭುಜ ಎಡಕ್ಕೆ ವಾಲಿತು. ನಡೆದರು, ತಿರುಗಿದರು, ಕೂತರು.

"ಅಕಾ," ಎಂದರು ಅತ್ತೆ ಕತ್ತಲಲ್ಲಿ, ಎಲ್ಲರಿಗೂ ಕೇಳುವಂತೆ. "ಬೆರಳು ನೋಡಿ ನನ್ ಮಗುಂದು."

ಬೊಂಬೆ ಎದ್ದಿತು. ಯಾರೋ ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ಸಂಖ್ಯೆ ಜಾಸ್ತಿ ಇರೋದನ್ನೇ ತಗೊಳ್ಳೋಣ," ಎಂದರು ಮೇಡಂ. "ಚೌಡಯ್ಯನವರೇ, ನಿಮ್ಮದೂ ಹೀಗೇ ಬರುತ್ತೆ."

ಚೌಡಯ್ಯ ಎರಡೂ ಕೈಯಲ್ಲಿ ಮಂಡಿ ಹಿಡಿದು ನೀವಿಕೊಳ್ಳುತ್ತಿದ್ದರು. ಒಂದೇ ಸಲ ಕೂರುವ ಮಂಡಿ. ಕೂತಾಗ ಅವರ ಪಾದ ಆರಿಹೋಗುತ್ತದೆ. ಆಗ ನಾನು ಮತ್ತೆ ಯಾರದೋ ಕಾಲನ್ನು ಕತ್ತರಿಸಿ ತರಬೇಕು.

"ಹೀಗೆ ಬರಲ್ಲ ಮೇಡಂ," ಎಂದೆ. "ಇದೂ ಹೀಗೆ ಬಂದಿರಲಿಲ್ಲ."

ಮೂಲ ಫೈಲು ತೆರೆದೆ. ಅತ್ತೆಗೆ ಕಣ್ಣು ಮುಚ್ಚಿಕೊಳ್ಳಿ ಎಂದು ಹೇಳಬೇಕಿತ್ತು. ಅದು ಹೊಳೆದದ್ದು ಆಮೇಲೆ.

ಶಶಿ ಮತ್ತೆ ನಡೆದರು, ತಿರುಗಿದರು, ಕೂರಲು ಹೋದರು. ಪಾದಗಳು ಹೋದವು. ಕಾಲು ಗೋಡೆಯಷ್ಟು ಎತ್ತರಕ್ಕೆ ಮುರಿದು ತಲೆಯ ಮೇಲೆ ಹೋಯಿತು. ಅತ್ತೆಯ ಬಾಯಿಂದ ಒಂದು ಸದ್ದು ಬಂತು. ಬೊಂಬೆ ಎದ್ದ ಮೇಲೆ ಕಾಲುಗಳು ಮರಳಿ ಬಂದವು. ನಾನು ದೀಪ ಹಾಕಿದೆ.

ಅತ್ತೆ ಗೋಡೆಯನ್ನೇ ನೋಡುತ್ತಿದ್ದರು.

"ಅಂಗಾರೆ ಆ ಕಾಲು ಯಾರ್ದು?"

"ಚಲುವರಾಜುದು ಅತ್ತೆ. ನಾನೇ ಸೇರಿಸಿದ್ದು."

"ನಂಗೊತ್ತಿಲ್ಲ ದೊಡ್ಡವ್ವ," ಎಂದ ಚಲುವರಾಜು ಗೋಡೆ ಬಿಟ್ಟು ಮುಂದೆ ಬಂದು. "ಆಣೆಗೂ ಗೊತ್ತಿಲ್ಲ."

"ನಿನ್ನ ಕೇಳ್ನಿಲ್ಲ ಸುಮ್ಕಿರ್ಲಾ." ಅತ್ತೆ ನನ್ನ ಕಡೆ ತಿರುಗಿದರು. "ದಿನಾ ಕೂರಿಸ್ಕಂಡು ತೋರಿಸ್ದಲ್ಲಮ್ಮಿ. ಬೆರಳು ನೋಡು ನೋಡು ಅಂತ ನಾನ್ ಬಡ್ಕಂಡಾಗೆಲ್ಲ ಊಂ ಅಂದಲ್ಲ."

"ಅಂದೆ ಅತ್ತೆ."

"ದೇವಿರಮ್ಮನ್ಗೂ ತೋರಿಸ್ದೆ ನಾನು."

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಚೌಡಯ್ಯ ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದರು. "ತಡಿ ಚಿಕ್ಕಬೋರಮ್ಮ. ಆ ಬೆರಳು ಸಸೀದೂ ಅಲ್ಲ, ಈ ಬಡ್ಡೈದುಂದೂ ಅಲ್ಲ. ನಂದು." ಪಂಚೆ ಎತ್ತಿ ಎಡಗಾಲನ್ನು ಮುಂದೆ ಚಾಚಿದರು. ಹೆಬ್ಬೆರಳು ಸೊಟ್ಟಗಿತ್ತು, ಉಗುರಿರಲಿಲ್ಲ. "ಕಬ್ಬು ಕಡೀವಾಗ ಮಚ್ಚು ಬಿದ್ದಿದ್ದು. ಮಡ್ಸಕ್ಕಾಯ್ತಿರ್ನಿಲ್ಲ. ಗೀರ್ಕಂಡು ಕೂರ್ತಿದ್ದೆ. ಇವ್ರು ಮೂಗು ಒರೆಸ್ಕಂಡು ಕಲಿಯಕ್ ಬಂದವು, ಅದೂ ಕುಣಿತವೇ ಅನ್ಕಂಡು ಅಂಗೇ ಗೀರದ ಕಲ್ತವೆ. ಚೆಂದಾಗ್ ಕಾಣ್ತಿತ್ತು, ನಾನೂ ಸುಮ್ಕಾದೆ. ನನ್ತಾವ ಕಲ್ತೋರೆಲ್ಲ ಗೀರ್ತಾರೆ ಕಣವ್ವ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅತ್ತೆ ನಗಲಿಲ್ಲ.

"ಸಸೀನೂ ಗೀರ್ತಿದ್ನಾ?"

"ಗೀರ್ತಿದ್ದ. ಗೀರಿ ಆಮ್ಯಾಕೆ ಅವ್ನು ಒಂದು ಮಾಡ್ತಿದ್ದ. ಅವ್ನದೇ ಅದು, ನಾನ್ ಕಲಿಸಿದ್ದಲ್ಲ." ಚೌಡಯ್ಯ ಪಾದವನ್ನು ಗಾಳಿಯಲ್ಲಿ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತಿರುಗಿಸಿ ನೋಡಿದರು. "ಇಂಗೆ... ಅಲ್ಲ. ಏನ್ಲಾ ಚಲುವ?"

"ಕಾಲ್ ಇಮ್ಮಡಿ ಎತ್ತಿ ಬುಡ್ತಿದ್ದ, ಅಲ್ವಾ?"

"ಅದಲ್ಲ ಕಣ್ಲಾ."

ಇಬ್ಬರೂ ನನ್ನ ಕಡೆ ನೋಡಿದರು. ಅತ್ತೆಯೂ ನೋಡಿದರು. ಹೆಂಡತಿ. ಅಂದು ಶಶಿಯ ಎದುರಿಗೇ ಇದ್ದವಳು. ನಾನು ನೆನಪು ಮಾಡಿಕೊಳ್ಳಲು ಹೋದೆ. ಕಪ್ಪು ಪರದೆ, ಆರಿದ ಒಂದು ಚುಕ್ಕಿ. ಅಷ್ಟೇ ಬಂತು. ಅವರು ಕೂತು ಏಳುವಷ್ಟೂ ಹೊತ್ತು ನಾನು ಪರದೆಯನ್ನು ನೋಡುತ್ತಿದ್ದೆ, ಅವರನ್ನಲ್ಲ.

"ಗೊತ್ತಿಲ್ಲ," ಎಂದೆ.

ಹರ್ಷವರ್ಧನನೇ ಸಭಾಂಗಣದ ಆ ತುದಿಯಲ್ಲಿ ತನ್ನ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ನಿಲ್ಲಿಸಿದ. ಚೌಡಯ್ಯನವರ ಬೆರಳುಗಳಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಗುಂಡುಗಳನ್ನು ಅಂಟಿಸಿದೆವು. ಕಡಿಮೆ ರೆಸಲ್ಯೂಷನ್ನಿನದರಲ್ಲಿ ಅವು ಒಂದೇ ಬಿಳಿ ಮಚ್ಚೆಯಾಗಿ ಮಿಣುಕಿದವು. ಇನ್ನೊಂದರಲ್ಲಿ ಬೇರೆಬೇರೆಯಾಗಿ ನಿಂತವು. ಸೊಟ್ಟ ಬೆರಳಿನದು ಸಾಲು ಬಿಟ್ಟು ಪಕ್ಕಕ್ಕಿತ್ತು.

"ನಿಮಗೆ ಇದೇ ಬೇಕು," ಎಂದು ಹರ್ಷವರ್ಧನ ಎರಡನೆಯದನ್ನು ಮುಟ್ಟಿ ಹೇಳಿದ.

ಮೇಡಂ ಒಪ್ಪಿದರು. ಎಲ್ಲ ಎದ್ದು ಹೋಗುವಾಗ ನನ್ನ ಹತ್ತಿರ ನಿಂತು, "ಇನ್ಮೇಲೆ ಯಾವ ಫೈಲನ್ನೂ ನೀನೊಬ್ಬಳೇ ತಿದ್ದಬೇಡ," ಎಂದರು. ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿತ್ತು. ಅತ್ತೆ ಮುಂದೆ ಹೋಗಿ ಯಾರೋ ಗುರುತಿಲ್ಲದವರ ಪಕ್ಕದಲ್ಲಿ ಕೂತರು.

*

ಆಮೇಲೆ ಸಂಜೆ ಯಾರೂ ಲ್ಯಾಪ್‌ಟಾಪ್ ಕೇಳಲಿಲ್ಲ. ಅತ್ತೆ ಡೈರಿಯಿಂದ ತಡವಾಗಿ ಬರತೊಡಗಿದರು. ಬಡಿಸಿದರೆ ಉಣ್ಣುತ್ತಿದ್ದರು. "ಸಾಕು" ಎನ್ನುವುದೊಂದೇ ಮಾತು. ಆ ಮಾತು ಕೇಳಿದಾಗಲೆಲ್ಲ ನಾನು ಶಶಿಗೆ ಹೇಳಿದ್ದು ನೆನಪಾಗುತ್ತಿತ್ತು. ಅತ್ತೆಗೆ ಅದು ಗೊತ್ತಿಲ್ಲ. ಇನ್ನೊಮ್ಮೆ ಕುಣಿಯಲೇ ಎಂದು ಶಶಿ ಕೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ.

ಹೊಸ ಕ್ಯಾಮೆರಾಗಳು ಬಂದವು. ಚೌಡಯ್ಯ ಪೂಜೆ ಹೊತ್ತರು. ಹಿತ್ತಾಳೆ ಮುಖವನ್ನು ಕಟ್ಟಿಯೇ ಹೊತ್ತರು. ಅದರ ಹೊಳಪು ಯಾವುದು, ಮಾರ್ಕರ್ ಯಾವುದು ಎಂದು ಬೇರೆ ಮಾಡುವಷ್ಟು ಈ ಕ್ಯಾಮೆರಾಗಳಿಗೆ ಕಾಣುತ್ತಿತ್ತು. ಬೀಳದಂತೆ ನೋಡಿಕೊಳ್ಳಲು ಚಲುವರಾಜು ಒಂದು ಹೆಜ್ಜೆ ಹಿಂದೆ ಕೈ ಚಾಚಿಕೊಂಡು ನಿಂತ. ಪರದೆ ನೋಡಲು ನಯನಳನ್ನು ಕೂರಿಸಿದೆ. ನಾನು ನೆಲದ ಮೇಲೆ ಕೂತು ಚೌಡಯ್ಯನವರ ಕಾಲನ್ನೇ ನೋಡಿದೆ. ಅವರು ಕೂತರು. ಮುಖ ಕಿವುಚಿದರು. ಬೆರಳು ನೆಲವನ್ನು ಗೀರಿತು. ಎದ್ದರು.

"ಎಲ್ಲ ಬಂತು ಅಕ್ಕ," ಎಂದು ನಯನ ಕೂಗಿದಳು. "ಹತ್ತು ಬೆರಳೂ ಬಂದವೆ."

ಮೂಲೆಯ ಕುರ್ಚಿಯಲ್ಲಿ ಚೌಡಯ್ಯ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾಗ ನಯನ ಮೆಲ್ಲಗೆ ಕೇಳಿದಳು. "ಈ ಕಾಲನ್ನ ಶಶಿಯಣ್ಣನದಕ್ಕೆ ಸೇರಿಸ್ಬೋದಲ್ವಾ? ಎಲ್ರಿಗೂ ಹೇಳಿಯೇ ಸೇರಿಸೋದು."

"ಬೇಡ," ಎಂದೆ.

'ಸರಿಪಡಿಸಿದ್ದು' ಅಳಿಸಿದೆ. ಮೂಲ ಫೈಲನ್ನು ಹಾಗೆಯೇ ಬಿಟ್ಟು, ಅದರ ಒಂದು ಪ್ರತಿಯಲ್ಲಿ ಹಿತ್ತಾಳೆಯ ಸುಳ್ಳು ಚುಕ್ಕಿಯನ್ನು ಮಾತ್ರ ತೆಗೆದೆ. ಮೇಡಂಗೆ ಹೇಳಿ ತೆಗೆದೆ. ಈಗ ಕೂರುವ ಜಾಗದಲ್ಲಿ ಕಾಲು ತಲೆಯ ಮೇಲೆ ಹೋಗುವುದಿಲ್ಲ. ಮಂಡಿಯ ಕೆಳಗೆ ಏನೂ ಇರುವುದಿಲ್ಲ, ಅಷ್ಟೇ.

ಒಂದು ಸಂಜೆ ಅತ್ತೆ ಕೈಕಾಲು ತೊಳೆದು ಬಂದು ನಡುಮನೆಯಲ್ಲಿ ತಮ್ಮ ಹಳೆಯ ಜಾಗದಲ್ಲಿ ಕೂತರು.

"ಆಕು."

"ಯಾವುದು ಅತ್ತೆ?"

"ಅವ್ನದು. ಕಾಲಿಲ್ದಿದ್ರೂ ಸರಿ."

"ಮೇಲಕ್ಕೆ ಹೋಗ್ತಿತ್ತಲ್ಲ, ಅದನ್ನ ಅಳಿಸಿದ್ದೀನಿ."

"ಇನ್ನೇನಾರ ಮಾಡಿದ್ದೀಯಾ?"

"ಇಲ್ಲ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನಾನು ಹಾಕಿದೆ.

ಬೊಂಬೆ ನಡೆಯಿತು. ಭುಜ ಎಡಕ್ಕೆ ವಾಲಿತು. ಅತ್ತೆ ಈ ಸಲ ಅದನ್ನೂ ನೋಡಿದರು. "ಭುಜ ಒಸಿ ವಾಲ್ಕಂಡೈತೆ," ಎಂದರು, ನನಗಲ್ಲ. ಬೊಂಬೆ ತಿರುಗಿತು. ಕೂರುವ ಜಾಗ ಹತ್ತಿರ ಬರುತ್ತಿದ್ದಂತೆ ಅವರು ಎದ್ದು ಅಡುಗೆಮನೆಗೆ ಹೋದರು. ಪಾತ್ರೆಯ ಮುಚ್ಚಳ ತೆಗೆದ ಸದ್ದು, ಮುಚ್ಚಿದ ಸದ್ದು.

ಈಗ ದಿನವೂ ಹೀಗೇ. ಆ ಜಾಗ ಬರುವ ಮೊದಲು ಅವರು ಎದ್ದು ಹೋಗುತ್ತಾರೆ. ನಾನು ಏಳುವುದಿಲ್ಲ. ಮಂಡಿಯ ಕೆಳಗಿನ ಕತ್ತಲನ್ನು ನೋಡುತ್ತಾ ಕೂರುತ್ತೇನೆ.

"ಬಂತಾ ಕಾಲು?" ಎಂದು ಅವರು ಒಳಗಿನಿಂದ ಕೇಳುತ್ತಾರೆ.

ಕಾಯುತ್ತೇನೆ. ಬಲದ್ದು ಬರುತ್ತದೆ. ಆಮೇಲೆ ಎಡದ್ದು.

"ಬಂತು ಅತ್ತೆ," ಎನ್ನುತ್ತೇನೆ.